ಉಸಿರಿನ ದಾರಿ: ದಮಾಸ್ಕಸ್‌ನಿಂದ ಸಂಡೂರಿಗೆ

ಕನ್ನಡದಲ್ಲಿ ಉಸಿರು ಎಂದರೆ ಗಾಳಿಯೂ ಹೌದು, ಮಾತೂ ಹೌದು. 'ಉಸಿರೆತ್ತಬೇಡ' ಎಂದರೆ ಬಾಯಿ ಮುಚ್ಚಿಕೊಂಡಿರು ಎಂದೇ ಅರ್ಥ. ಅರಬಿಯಲ್ಲಿ ನೂನ್, ಫೇ, ಸೀನ್ ಎಂಬ ಮೂರು ಅಕ್ಷರಗಳಿಂದ 'ನಫಸ್' ಆಗುತ್ತದೆ, ಅದು ಉಸಿರು. ಅದೇ ಅಕ್ಷರಗಳಿಂದ 'ನಫ್ಸ್', ಅದು ಜೀವ. ಅದೇ ಅಕ್ಷರಗಳಿಂದ 'ನಫೀಸ್', ಅದು ಬೆಲೆಯುಳ್ಳದ್ದು. ಉರ್ದುವಿನ 'ದಮ್' ಉಸಿರು, 'ದಮಾ' ಉಬ್ಬಸ. ಈ ಮಾತು ಕನ್ನಡಕ್ಕೂ ಬಂದು 'ದಮ್ಮು' ಆಯಿತು. ಸಂಡೂರು ತಾಲ್ಲೂಕಿನ ಚೋರನೂರು ಹೋಬಳಿಯಲ್ಲಿ ಏದುಸಿರು ಬಿಡುವ ಮುದುಕನನ್ನು ಕಂಡರೆ 'ದಮ್ಮು ಹತ್ತೈತಿ' ಎನ್ನುತ್ತಾರೆ. ಆ ದಮ್ಮು ಯಾಕೆ ಹತ್ತಿತು ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಗೆ ಒಂದು ಉದ್ದನೆಯ ಇತಿಹಾಸವಿದೆ. ಅದರ ಮುಖ್ಯ ಅಧ್ಯಾಯವೊಂದನ್ನು ಬರೆದವರ ಹೆಸರಿನಲ್ಲೂ ಆ ಮೂರು ಅಕ್ಷರಗಳಿವೆ: ಇಬ್ನ್ ನಫೀಸ್.

ಎರಡನೇ ಶತಮಾನದಲ್ಲಿ ರೋಮ್‌ನಲ್ಲಿ ಹೆಸರು ಮಾಡಿದ ಗ್ರೀಕ್ ವೈದ್ಯ ಗ್ಯಾಲೆನ್ (ಜಾಲೀನೂಸ್) ಹೃದಯದ ಬಗ್ಗೆ ಒಂದು ಮಾತು ಹೇಳಿದ್ದ. ಹೃದಯದ ಬಲ ಮತ್ತು ಎಡ ಕೋಣೆಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ, ರಕ್ತ ಅವುಗಳ ಮೂಲಕ ಜಿನುಗಿ ಎಡಕ್ಕೆ ಹೋಗುತ್ತದೆ ಎಂಬುದೇ ಆ ಮಾತು. ಸಾವಿರ ವರ್ಷ ಇದನ್ನು ಯಾರೂ ಪ್ರಶ್ನಿಸಲಿಲ್ಲ. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಹೆಚ್ಚುಕಡಿಮೆ ಇದೇ ದಾರಿ ಹಿಡಿದರು. ಹೃದಯಕ್ಕೆ ಮೂರು ಕೋಣೆಗಳಿವೆ ಎಂದೂ ಬರೆದರು. ಅಷ್ಟು ದೊಡ್ಡ ಹಕೀಮರ ಮಾತಿಗೆ ಎದುರಾಡುವವರು ಯಾರು?

ಎದುರಾಡಿದವರು ದಮಾಸ್ಕಸ್ ಸಮೀಪ ಸುಮಾರು 1213ರಲ್ಲಿ ಹುಟ್ಟಿದ ಇಬ್ನ್ ನಫೀಸ್. ಸುಲ್ತಾನ್ ನೂರುದ್ದೀನ್ ಜಂಗಿ ಕಟ್ಟಿಸಿದ್ದ ಅಲ್ಲಿನ ಬೀಮಾರಿಸ್ತಾನ್ ಅಂದರೆ ಆಸ್ಪತ್ರೆಯಲ್ಲಿ ಅವರು ವೈದ್ಯ ಕಲಿತು ಕೈರೋಗೆ ಹೋದರು. ವೈದ್ಯರಷ್ಟೇ ಅಲ್ಲ, ಶಾಫಿ ಪಂಥದ ಫಿಕ್ಹ್ ಪಂಡಿತರೂ ಆಗಿದ್ದರು. 1242ರಲ್ಲಿ, ಇನ್ನೂ ಮೂವತ್ತು ಆಸುಪಾಸಿನ ಪ್ರಾಯದಲ್ಲಿ, ಇಬ್ನ್ ಸೀನಾರ ಗ್ರಂಥದ ಅಂಗರಚನೆಯ ಭಾಗಕ್ಕೆ ವ್ಯಾಖ್ಯಾನ ಬರೆದರು. ಅದರಲ್ಲಿ ಅವರು ಹೇಳಿದ್ದು ಸ್ಪಷ್ಟ: ಹೃದಯಕ್ಕೆ ಎರಡೇ ಕೋಣೆ, ನಡುವಿನ ಗೋಡೆ ಗಟ್ಟಿಯಾಗಿದೆ, ಅದರಲ್ಲಿ ಕಾಣುವ ರಂಧ್ರವೂ ಇಲ್ಲ, ಕಾಣದ ರಂಧ್ರವೂ ಇಲ್ಲ, ಬಲ ಕೋಣೆಯ ರಕ್ತ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಹರಡಿ, ಗಾಳಿಯೊಡನೆ ಬೆರೆತು, ಬಳಿಕ ಎಡ ಕೋಣೆಗೆ ಬರುತ್ತದೆ. ಶರೀಅತ್ತಿನ ತಡೆ ಮತ್ತು ತನ್ನ ಸ್ವಭಾವದಲ್ಲಿರುವ ಕರುಣೆಯಿಂದ ತಾನು ಶವ ಕೊಯ್ಯಲಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ. ಅವರು ಕೊಡುವ ವಿವರಗಳನ್ನು ನೋಡಿ ಈ ಮಾತನ್ನು ಪೂರ್ತಿ ನಂಬದ ವಿದ್ವಾಂಸರೂ ಇದ್ದಾರೆ.

1288ರಲ್ಲಿ ತೀರಿಕೊಳ್ಳುವ ಮುಂಚೆ ಅವರು ತಮ್ಮ ಮನೆಯನ್ನೂ ಪುಸ್ತಕಗಳನ್ನೂ ಕೈರೋದ ಮನ್ಸೂರಿ ಆಸ್ಪತ್ರೆಗೆ ಕೊಟ್ಟುಬಿಟ್ಟರು. ಆದರೆ ಅವರ ಆ ಶೋಧ ವೈದ್ಯರ ಪಾಠವಾಗಲಿಲ್ಲ. ಒಂದಿಬ್ಬರು ವ್ಯಾಖ್ಯಾನಕಾರರನ್ನು ಬಿಟ್ಟರೆ ಅದನ್ನು ಕೈಗೆತ್ತಿಕೊಂಡವರಿಲ್ಲ. ನಮ್ಮ ದೇಶದ ಯುನಾನಿ ಹಕೀಮರಿಗೆ ಇಬ್ನ್ ನಫೀಸ್ ಅಪರಿಚಿತರಲ್ಲ. ಅವರ 'ಮೂಜಝ್' ಎಂಬ ಸಂಕ್ಷೇಪ ಗ್ರಂಥ ಇಲ್ಲಿನ ಪಾಠಶಾಲೆಗಳಲ್ಲಿ ತಲೆಮಾರುಗಳ ಕಾಲ ನಡೆದಿದೆ. ಆದರೆ ಆ ಸಂಕ್ಷೇಪದಲ್ಲಿ ಅಂಗರಚನೆಯ ಭಾಗವೇ ಇಲ್ಲ! ಹೆಸರು ಬಂತು, ಅರಿವು ಬರಲಿಲ್ಲ. ಕೊನೆಗೆ 1924ರಲ್ಲಿ ಈಜಿಪ್ಟಿನ ಯುವ ವೈದ್ಯ ಮುಹಿಯುದ್ದೀನ್ ತತಾವಿ ಬರ್ಲಿನ್ನಿನ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯನ್ನು ಓದಿ, ಇದರಲ್ಲಿ ಏನಿದೆ ಎಂಬುದನ್ನು ಜಗತ್ತಿಗೆ ತಿಳಿಸಿದರು.

ಅಷ್ಟರಲ್ಲಿ ಯುರೋಪು ತನ್ನದೇ ದಾರಿಯಲ್ಲಿ ಅಲ್ಲಿಗೆ ತಲುಪಿತ್ತು. ಶ್ವಾಸಕೋಶದ ಮೂಲಕ ರಕ್ತ ಹಾಯುತ್ತದೆ ಎಂದು ಬರೆದ ಮೈಕೆಲ್ ಸರ್ವೆಟಸ್‌ನನ್ನು ಅವನ ಧಾರ್ಮಿಕ ವಿಚಾರಗಳಿಗಾಗಿ 1553ರಲ್ಲಿ ಜಿನೀವಾದಲ್ಲಿ ಜೀವಂತ ಸುಟ್ಟರು. 1559ರಲ್ಲಿ ಇಟಲಿಯ ಕೊಲಂಬೋ ಅದನ್ನೇ ಬರೆದ. 1628ರಲ್ಲಿ ವಿಲಿಯಂ ಹಾರ್ವೆ ಇಡೀ ದೇಹದ ರಕ್ತಸಂಚಾರವನ್ನು ವಿವರಿಸಿದ. 1661ರಲ್ಲಿ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೂದಲಿಗಿಂತ ಸಣ್ಣ ರಕ್ತನಾಳಗಳನ್ನು ಕಂಡ. ಶ್ವಾಸಕೋಶದೊಳಗೆ ಎರಡು ಬಗೆಯ ನಾಳಗಳ ನಡುವೆ ಸೂಕ್ಷ್ಮ ಮಾರ್ಗಗಳಿರಬೇಕು ಎಂದು ಇಬ್ನ್ ನಫೀಸ್ ತರ್ಕದಿಂದ ಹೇಳಿದ್ದು ಅಲ್ಲಿ ಕಣ್ಣಿಗೆ ಬಿತ್ತು.

ಇಂದು ನಮಗೆ ಗೊತ್ತಿರುವ ಚಿತ್ರ ಹೀಗಿದೆ. ಮೂಗಿನಿಂದ ಹೊಕ್ಕ ಗಾಳಿ ಗಂಟಲು ದಾಟಿ, ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದದ ಶ್ವಾಸನಾಳಕ್ಕೆ ಇಳಿಯುತ್ತದೆ. ಅದು ಎರಡಾಗಿ ಒಡೆದು, ಮತ್ತೆ ಮತ್ತೆ ಕವಲೊಡೆಯುತ್ತ ಸುಮಾರು 23 ಸಲ ಟಿಸಿಲಾಗುತ್ತದೆ. ಬುಡಮೇಲಾದ ಮರವೊಂದನ್ನು ಎದೆಯೊಳಗೆ ನೆಟ್ಟ ಹಾಗೆ. ಬಲ ಶ್ವಾಸಕೋಶಕ್ಕೆ ಮೂರು ಹಾಳೆ, ಎಡದ್ದಕ್ಕೆ ಎರಡು, ಹೃದಯಕ್ಕೆ ಜಾಗ ಬೇಕಲ್ಲ! ಟಿಸಿಲುಗಳ ತುದಿಯಲ್ಲಿ ದ್ರಾಕ್ಷಿ ಗೊಂಚಲಿನಂತೆ 30ರಿಂದ 50 ಕೋಟಿ ಗಾಳಿಗೂಡುಗಳಿವೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆದೀತು. ಅವುಗಳ ಗೋಡೆಗೆ ಅಂಟಿಕೊಂಡೇ ಮಾಲ್ಪಿಗಿ ಕಂಡ ಆ ನಾಳಗಳು ಹರಿಯುತ್ತವೆ. ಗಾಳಿಯ ಆಮ್ಲಜನಕ ರಕ್ತಕ್ಕೆ ಇಳಿಯುತ್ತದೆ, ರಕ್ತದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಬರುತ್ತದೆ. ಒಳಗೆ ಹೋಗುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21, ಹೊರಗೆ ಬರುವುದರಲ್ಲಿ ಸುಮಾರು 16. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯು ಕೆಳಗಿಳಿದಾಗ ಗಾಳಿ ಒಳಗೆ, ಸಡಿಲಗೊಂಡು ಮೇಲೆದ್ದಾಗ ಹೊರಗೆ. ದಿನಕ್ಕೆ ಸುಮಾರು 20 ಸಾವಿರ ಸಲ ಇದು ನಡೆಯುತ್ತದೆ.

ಈ ಮನೆಗೆ ಕಾವಲೂ ಇದೆ. ದೊಡ್ಡ ಧೂಳು ಮೂಗಿನ ಕೂದಲಿಗೆ, ಸಿಂಬಳಕ್ಕೆ ಅಂಟುತ್ತದೆ. ಅದನ್ನು ದಾಟಿದ್ದನ್ನು ಶ್ವಾಸನಾಳದ ಒಳಗೋಡೆಯ ರೋಮಗಳು ಕಫದೊಡನೆ ಮೇಲಕ್ಕೆ ತಳ್ಳುತ್ತವೆ. ಒಂದು ಮಿಲಿಮೀಟರಿನ ಇನ್ನೂರನೇ ಒಂದು ಪಾಲಿಗಿಂತ ಸಣ್ಣ ಕಣಗಳು ಮಾತ್ರ ಗಾಳಿಗೂಡಿನವರೆಗೆ ಇಳಿಯಬಲ್ಲವು. ಅಲ್ಲಿ ಅವನ್ನು ನುಂಗುವ ಕಾವಲು ಜೀವಕೋಶಗಳಿವೆ. ಆದರೆ ಬೆಣಚುಕಲ್ಲಿನ ಸಿಲಿಕಾ ಕಣವನ್ನು ನುಂಗಿದ ಕಾವಲುಗಾರನೇ ಸಾಯುತ್ತಾನೆ. ಸತ್ತಲ್ಲಿ ಉರಿಯೂತ, ಅದು ಮಾಗಿದಲ್ಲಿ ಗಟ್ಟಿ ಕಲೆ. ಮೆತ್ತಗಿದ್ದ ಶ್ವಾಸಕೋಶ ವರ್ಷಗಳಲ್ಲಿ ಚರ್ಮದಂತೆ ಬಿರುಸಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಧೂಳಿನ ಕೆಲಸ ಬಿಟ್ಟ ಮೇಲೂ ಅದು ಮುಂದುವರಿಯಬಲ್ಲದು, ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆ.

ಈಗ ಚೋರನೂರಿಗೆ ಬರೋಣ. ಸಂಡೂರಿನ ಬೆಟ್ಟಗಳ ಹೊಟ್ಟೆಯಲ್ಲಿ ಕಬ್ಬಿಣವಿದೆ, ಮ್ಯಾಂಗನೀಸ್ ಇದೆ. ಕಬ್ಬಿಣದ ಪದರದ ಜೊತೆಗೇ ಬೆಣಚುಕಲ್ಲಿನ ಪದರವೂ ಪಟ್ಟೆಪಟ್ಟೆಯಾಗಿ ಹೆಣೆದುಕೊಂಡಿದೆ. ಕಬ್ಬಿಣದ ಧೂಳೊಂದೇ ಆದರೆ ಶ್ವಾಸಕೋಶ ಬಹಳಷ್ಟು ತಾಳಿಕೊಳ್ಳುತ್ತದೆ. ಭಯವಿರುವುದು ಜೊತೆಗೆ ಏಳುವ ಸಿಲಿಕಾದಿಂದ. ಮ್ಯಾಂಗನೀಸಿನ ಕಥೆ ಬೇರೆ. ಅದರ ಧೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ಅದು ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಹೃದಯದ ಎಡ ಕೋಣೆಗೆ, ಅಲ್ಲಿಂದ ಮಿದುಳಿಗೆ ಹೋಗಿ ಕೈಕಾಲು ನಡುಗಿಸುತ್ತದೆ, ನಡಿಗೆ ಕೆಡಿಸುತ್ತದೆ. ಇಬ್ನ್ ನಫೀಸ್ ತೋರಿಸಿದ ದಾರಿಯಲ್ಲೇ ವಿಷವೂ ನಡೆಯುತ್ತದೆ.

ಇಲ್ಲಿ ಗಣಿ ಇವತ್ತಿನದಲ್ಲ. ಸಂಡೂರು ಮ್ಯಾಂಗನೀಸ್ ಕಂಪನಿ 1954ರಲ್ಲಿ ಸ್ಥಾಪನೆಯಾಯಿತು. ದೋಣಿಮಲೈ ಗಣಿ 1977ರಲ್ಲಿ ಆರಂಭವಾಯಿತು. 2000ದ ನಂತರ ಅದಿರಿನ ಬೆಲೆ ಏರಿದ್ದೇ ತಡ, ಸಾವಿರಾರು ಲಾರಿಗಳು ರಸ್ತೆಗಿಳಿದವು, ಗಿಡದ ಎಲೆಯೂ ಕೆಂಪಾಯಿತು. ಹೆಂಗಸರು, ಮಕ್ಕಳು ಸುತ್ತಿಗೆ ಹಿಡಿದು ಅದಿರು ಒಡೆದರು. 2008 ಮತ್ತು 2011ರ ಲೋಕಾಯುಕ್ತ ವರದಿಗಳು ಬಂದವು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, 2013ರ ತೀರ್ಪಿನ ಬಳಿಕ ಷರತ್ತುಗಳೊಂದಿಗೆ ಅದು ಮತ್ತೆ ಚಿಗುರಿತು. ಎಷ್ಟು ಅದಿರು ಕಳವಾಯಿತು ಎಂಬ ಲೆಕ್ಕ ಊರೂರಿಗೆ ಗೊತ್ತಾಯಿತು. ಎಷ್ಟು ಉಸಿರು ಹೋಯಿತು ಎಂಬ ಮಾತು ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಈ ಲೆಕ್ಕ ಹಾಕುವುದು ಅಸಾಧ್ಯವೇನಲ್ಲ. ನಮ್ಮ ರಾಜ್ಯದಲ್ಲೇ ಹಾಕಿದ್ದಾರೆ. ಕೋಲಾರದ ಚಿನ್ನದ ಗಣಿಯಲ್ಲಿ ಸಿಲಿಕೋಸಿಸ್ ಇದೆ ಎಂಬುದು 1934ರಲ್ಲೇ ವರದಿಯಾಯಿತು. 1940ರಿಂದ 46ರವರೆಗೆ ಅಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ರೋಗ ಕಂಡಿತು. ಅದು ನೆಲದಾಳದ ಗಣಿ. ಸಂಡೂರಿನದು ತೆರೆದ ಗಣಿ, ಇಲ್ಲಿ ಗಾಳಿ ಧೂಳನ್ನು ಚದುರಿಸುತ್ತದೆ. ಹಾಗೆಂದು ಕಲ್ಲು ಕೊರೆಯುವವನ, ಕ್ರಷರ್ ಬಳಿ ನಿಲ್ಲುವವನ ಮೂಗಿಗೆ ರಿಯಾಯಿತಿ ಸಿಗುವುದಿಲ್ಲ. ಕಾನೂನಿನ ಪ್ರಕಾರ ಸಿಲಿಕೋಸಿಸ್ ಕಂಡರೆ ಗಣಿಯವರೂ ವೈದ್ಯರೂ ಸರ್ಕಾರಕ್ಕೆ ತಿಳಿಸಲೇಬೇಕು. ಮ್ಯಾಂಗನೀಸ್ ವಿಷಬಾಧೆಯೂ ಆ ಪಟ್ಟಿಯಲ್ಲಿದೆ. ಅಂದರೆ ಕಾನೂನಿಗೆ ಎಲ್ಲ ಗೊತ್ತಿದೆ.

ಗೊತ್ತಿರುವುದು ಕೆಮ್ಮುವವನ ತನಕ ಬರುವುದೇ ಇಲ್ಲ, ಕಷ್ಟ ಇರುವುದು ಇಲ್ಲಿ. ಚೋರನೂರು ಕಡೆಯಿಂದ ಗಣಿ ಕೂಲಿಗೆ ಹೋದವನೊಬ್ಬ ಹತ್ತು ವರ್ಷದ ಮೇಲೆ ಕೆಮ್ಮುತ್ತ ಆಸ್ಪತ್ರೆಗೆ ಬಂದನೆನ್ನೋಣ. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್‌ನ ನೆರಳೂ ಕ್ಷಯದ ನೆರಳೂ ಒಂದನ್ನೊಂದು ಹೋಲುತ್ತವೆ. ಕ್ಷಯದ ಗುಳಿಗೆ ಕೊಟ್ಟು ಕಳಿಸುತ್ತಾರೆ. ಅವನು ಗುಳಿಗೆ ನುಂಗಿ ಮತ್ತೆ ಅದೇ ಧೂಳಿಗೆ ಹೋಗುತ್ತಾನೆ. ಸತ್ತರೆ 'ದಮ್ಮಿನಿಂದ ಹೋದ' ಎನ್ನುತ್ತೇವೆ. ಪರಿಹಾರ ಕೇಳಲು ಅವನ ಹೆಂಡತಿಯ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

1700ರಲ್ಲಿ ಇಟಲಿಯ ವೈದ್ಯ ರಾಮಜ್ಜಿನಿ ಕಸುಬುಗಳ ರೋಗಗಳ ಬಗ್ಗೆ ಪುಸ್ತಕ ಬರೆದ. ರೋಗಿಗೆ ಕೇಳುವ ಪ್ರಶ್ನೆಗಳ ಜೊತೆ ಇನ್ನೊಂದನ್ನೂ ಸೇರಿಸಬೇಕು ಎಂದ: ನೀನು ಮಾಡುವ ಕೆಲಸ ಯಾವುದು? ಈ ಪ್ರಶ್ನೆಗೆ ಯಂತ್ರ ಬೇಡ, ಹಣ ಬೇಡ. ಆಸ್ಪತ್ರೆಯ ಚೀಟಿಯಲ್ಲಿ ಹೆಸರು, ವಯಸ್ಸಿನ ಕೆಳಗೆ ಒಂದು ಗೆರೆ ಸಾಕು. ಕೆಲಸ ಬರೆದಿದ್ದರೆ ಧೂಳು ಕಾಣುತ್ತದೆ, ಧೂಳು ಕಂಡರೆ ಕಾನೂನು ಎಚ್ಚರಾಗುತ್ತದೆ.

ಇಬ್ನ್ ನಫೀಸರ ಬಗ್ಗೆ ನಮ್ಮ ಸಭೆಗಳಲ್ಲಿ ಹೆಮ್ಮೆಯ ಭಾಷಣಗಳಾಗುತ್ತವೆ, 'ನಮ್ಮವರು ಮೊದಲೇ ಹೇಳಿದ್ದರು' ಎನ್ನುತ್ತೇವೆ. ಹೇಳಿದ್ದರು, ನಿಜ. ಕೇಳಿಸಿಕೊಳ್ಳಲು ನಮಗೆ ಸುಮಾರು 700 ವರ್ಷ ಬೇಕಾಯಿತು. ಅವರು ತಮ್ಮ ಪುಸ್ತಕಗಳನ್ನು ಗ್ರಂಥಾಲಯಕ್ಕಲ್ಲ, ಆಸ್ಪತ್ರೆಗೆ ಬರೆದುಕೊಟ್ಟರು ಎಂಬುದನ್ನು ಮರೆಯಬಾರದು. ಕಲಿತದ್ದು ರೋಗಿಯ ಮಂಚದ ಪಕ್ಕದಲ್ಲಿರಬೇಕು ಎಂದು ಅವರಿಗೆ ಅನ್ನಿಸಿತ್ತು. ಮುಂದಿನ ಸಲ ಯಾರಿಗಾದರೂ ದಮ್ಮು ಹತ್ತಿದಾಗ, ಅವರ ಜೊತೆ ಆಸ್ಪತ್ರೆಗೆ ಹೋಗುವವರು ನಾವೇ ಆದರೆ, ವೈದ್ಯರು ಕೇಳದಿದ್ದರೂ ಹೇಳೋಣ: ಸಾಹೇಬರೇ, ಇವರು ಇಷ್ಟು ವರ್ಷ ಗಣಿಯಲ್ಲಿ ದುಡಿದಿದ್ದಾರೆ, ಅದನ್ನೂ ಬರೆದುಕೊಳ್ಳಿ. ಉಸಿರು ಉಳಿದವರು ಉಸಿರೆತ್ತಬೇಕು.