ಪದಕಕ್ಕೆ ಮುಂಚಿನ ಮನಸ್ಸಾಕ್ಷಿ: ಡೆಸ್ಮಂಡ್ ಡಾಸ್ ಮತ್ತು ‘ಹ್ಯಾಕ್‌ಸಾ ರಿಡ್ಜ್’

ಎರಡನೆಯ ಮಹಾಯುದ್ಧದಲ್ಲಿ ಆಯುಧವನ್ನು ಮುಟ್ಟದೆ ಗಾಯಾಳುಗಳ ಶುಶ್ರೂಷೆಗೈದ ಅಮೆರಿಕದ ಸೈನಿಕ ಡೆಸ್ಮಂಡ್ ಡಾಸ್ ಅವರ ಜೀವನವನ್ನು ಆಧರಿಸಿ ಮೆಲ್ ಗಿಬ್ಸನ್ 2016ರಲ್ಲಿ ‘ಹ್ಯಾಕ್‌ಸಾ ರಿಡ್ಜ್’ ಎಂಬ ಚಲನಚಿತ್ರವನ್ನು ನಿರ್ದೇಶಿಸಿದರು. ಪ್ರಸಂಗಪೀಠಕ್ಕೆ ಸಿದ್ಧ ದೃಷ್ಟಾಂತವೊಂದು ದೊರಕಿತೆಂದು ನಮಗೆ ಅನ್ನಿಸುವುದು ಸಹಜ. ಆದರೆ ಚಿತ್ರವು ಇತಿಹಾಸದಿಂದ ಆಯ್ದುಕೊಂಡದ್ದನ್ನೂ ಕೈಬಿಟ್ಟದ್ದನ್ನೂ ಹೋಲಿಸಿ ನೋಡಿದಾಗ ಪ್ರಶ್ನೆಯೊಂದು ಏಳುತ್ತದೆ. ಮನಸ್ಸಾಕ್ಷಿಯ ವಿಧೇಯತೆಯು ಸಫಲವಾದ ಮೇಲೆಯೇ ಸತ್ಯವೆನಿಸಿಕೊಳ್ಳುತ್ತದೆಯೇ?

ಡಾಸ್ ಅವರು 1919ರಲ್ಲಿ ವರ್ಜೀನಿಯದ ಲಿಂಚ್‌ಬರ್ಗ್‌ನಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಕುಟುಂಬವೊಂದರಲ್ಲಿ ಜನಿಸಿದರು. ಮನೆಯ ಗೋಡೆಯ ಮೇಲೆ ದಶಾಜ್ಞೆಗಳ ಚಿತ್ರಪಟವಿತ್ತು. ನರಹತ್ಯೆಯನ್ನು ನಿಷೇಧಿಸುವ ಆಜ್ಞೆಗೆ ಕಾಯಿನನು ಹೇಬೆಲನನ್ನು ಕೊಂದ ಚಿತ್ರವಿತ್ತು. ಹಡಗುಕಟ್ಟೆಯ ನೌಕರಿಯ ಕಾರಣದಿಂದ ಸೇನಾಸೇವೆಯಿಂದ ವಿನಾಯಿತಿ ಪಡೆಯಬಹುದಾಗಿದ್ದರೂ ಅವರು ಅದನ್ನು ಬಯಸದೆ 1942ರ ಏಪ್ರಿಲ್‌ನಲ್ಲಿ ಸೇನೆ ಸೇರಿದರು. ಬಂದೂಕು ಹಿಡಿಯಲೊಪ್ಪದ, ಸಬ್ಬತ್ ದಿನದ ವಿಶ್ರಾಂತಿಯನ್ನು ಕೇಳಿದ ಅವರನ್ನು ಮಾನಸಿಕವಾಗಿ ಅನರ್ಹನೆಂದು ಹೊರಹಾಕುವ ಪ್ರಯತ್ನವೂ ನಡೆಯಿತು. 1945ರ ಮೇ ತಿಂಗಳ ಆರಂಭದ ಒಂದು ಸಬ್ಬತ್ ದಿನ, ಓಕಿನಾವದ ಮಾಯೆದಾ ಕಡಿಬಂಡೆಯ ಮೇಲಿಂದ ಸೈನ್ಯವು ಹಿಮ್ಮೆಟ್ಟಿದಾಗ, ಡಾಸ್ ಮೇಲೆಯೇ ಉಳಿದು ಗಾಯಾಳುಗಳನ್ನು ಒಬ್ಬೊಬ್ಬರನ್ನಾಗಿ ಹಗ್ಗಕಟ್ಟಿ ಕೆಳಗಿಳಿಸಿದರು. ಐವತ್ತು ಮಂದಿ ಇರಬಹುದೆಂದು ಅವರು, ನೂರು ಮಂದಿಯೆಂದು ಅಧಿಕಾರಿಗಳು. ಕೊನೆಗೆ ದಾಖಲೆಯಲ್ಲಿ 75 ಎಂದಾಯಿತು. ಅದೇ ವರ್ಷದ ಅಕ್ಟೋಬರ್ 12ರಂದು ಅಧ್ಯಕ್ಷ ಟ್ರೂಮನ್ ಅವರಿಗೆ ದೇಶದ ಅತ್ಯುನ್ನತ ಶೌರ್ಯಪದಕವನ್ನು ಪ್ರದಾನ ಮಾಡಿದರು.

ಚಿತ್ರದಲ್ಲಿ ಓಕಿನಾವವೇ ಡಾಸ್ ಅವರ ಮೊದಲ ರಣರಂಗವೆಂಬಂತೆ ಕಾಣುತ್ತದೆ. ವಾಸ್ತವದಲ್ಲಿ 1944ರಲ್ಲಿಯೇ ಗುವಾಮ್ ಹಾಗೂ ಲೇಟೆ ದ್ವೀಪಗಳಲ್ಲಿ ಅವರು ಸೇವೆ ಸಲ್ಲಿಸಿದ್ದರು. ಚಿತ್ರಕಥೆಗೆ ಈ ಸಂಕ್ಷೇಪ ಅನುಕೂಲವಿರಬಹುದು. ಆದರೆ ಒಂದು ದಿನದ ಮಹತ್ಕಾರ್ಯದ ಹಿಂದೆ ತಿಂಗಳುಗಟ್ಟಲೆ ನಡೆದ ದೈನಂದಿನ ನಂಬಿಗಸ್ತಿಕೆಯು ಅದರಿಂದ ಮರೆಯಾಗುತ್ತದೆ.

ಅದಕ್ಕಿಂತ ದೊಡ್ಡ ಲೋಪ ಸಭೆಯದು. ಚಿತ್ರದಲ್ಲಿ ಡಾಸ್ ಏಕಾಂಗಿ. ಇತಿಹಾಸದಲ್ಲಿ ಅವರ ನಿಲುವಿಗೆ ಸುಮಾರು ಎಂಬತ್ತು ವರ್ಷಗಳ ಹಿನ್ನೆಲೆಯಿತ್ತು. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದಾಗ, 1864ರಲ್ಲಿ, ಆಗತಾನೇ ಸಂಘಟಿತವಾಗಿದ್ದ ಅಡ್ವೆಂಟಿಸ್ಟ್ ಸಭೆಯು ತನ್ನ ಸದಸ್ಯರನ್ನು ಶಸ್ತ್ರ ಹಿಡಿಯದವರೆಂದು ಪರಿಗಣಿಸುವಂತೆ ಸರಕಾರವನ್ನು ಕೋರಿ ಮಾನ್ಯತೆ ಪಡೆದಿತ್ತು. 1930ರ ದಶಕದಲ್ಲಿ ತನ್ನ ಯುವಕರಿಗೆ ಸೇನಾ ಶುಶ್ರೂಷೆಯ ತರಬೇತಿಯನ್ನೂ ಆರಂಭಿಸಿತ್ತು. 1940ರ ಕಡ್ಡಾಯ ಸೇನಾಸೇವೆಯ ಕಾಯಿದೆಯು ಶಸ್ತ್ರರಹಿತ ಸೇವೆಗೆ ಪ್ರತ್ಯೇಕ ವರ್ಗವನ್ನು ಕಲ್ಪಿಸಿತು. ಡಾಸ್ ಸೇರಿದ್ದು ಆ ವರ್ಗಕ್ಕೆ. ಮನಸ್ಸಾಕ್ಷಿಯು ಒಬ್ಬನೊಳಗೆ ತಾನಾಗಿ ಮೊಳೆಯುವುದಲ್ಲ; ಬೋಧಿಸುವ ಸಭೆಯೊಂದು ಅದನ್ನು ರೂಪಿಸುತ್ತದೆ.

ಅದೇ ಸಭೆಯು ಎಡವಿದ್ದೂ ಉಂಟು. 1914ರಲ್ಲಿ ಜರ್ಮನಿಯ ಅಡ್ವೆಂಟಿಸ್ಟ್ ನಾಯಕರು ತಮ್ಮವರು ಶಸ್ತ್ರ ಹಿಡಿಯುವರು, ಸಬ್ಬತ್ತಿನಲ್ಲಿಯೂ ಸೇವೆ ಮಾಡುವರು ಎಂದು ಸರಕಾರಕ್ಕೆ ತಿಳಿಸಿದರು. ಒಪ್ಪದವರು ಹೊರಗಾದರು, ಸಭೆ ಒಡೆಯಿತು. ಬೋಧನೆ ಒಂದೇ ಆಗಿದ್ದರೂ ರಾಜ್ಯಭಕ್ತಿಯ ಒತ್ತಡದಲ್ಲಿ ಅದು ಕರಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಇನ್ನು ಪದಕ ಸಿಗದವರ ಸಂಗತಿ. ಸೇನೆಯನ್ನೇ ಸೇರಲೊಪ್ಪದ ಸುಮಾರು 12,000 ಅಮೆರಿಕನ್ನರು, ಬಹುಪಾಲು ಮೆನ್ನೊನೈಟರು, ಬ್ರೆದರನ್ ಪಂಥದವರು ಹಾಗೂ ಕ್ವೇಕರರು, ಅರಣ್ಯಗಳಲ್ಲಿಯೂ ಮಾನಸಿಕ ಆಸ್ಪತ್ರೆಗಳಲ್ಲಿಯೂ ಸಂಬಳವಿಲ್ಲದೆ ದುಡಿದರು. ಸುಮಾರು 6,000 ಮಂದಿ ಸೆರೆಮನೆ ಸೇರಿದರು. ಗುಣಪಡಿಸಿದ ಸೈನಿಕನು ಮತ್ತೆ ಕೊಲ್ಲಲು ಹೋಗುವನಲ್ಲವೇ ಎಂಬುದು ಸೇನಾ ಶುಶ್ರೂಷೆಯ ಕುರಿತು ಇಂಥವರು ಎತ್ತುವ ಪ್ರಶ್ನೆ. ಅದು ಹಗುರವಾದುದಲ್ಲ. ಡಾಸ್ ತಮ್ಮನ್ನು ಯುದ್ಧವಿರೋಧಿಯೆನ್ನದೆ ಮನಸ್ಸಾಕ್ಷಿಯಿಂದ ಸಹಕರಿಸುವವನೆಂದು ಕರೆದುಕೊಂಡರು. ಗಾಯಗೊಂಡವನನ್ನು ಕಂಡು ದಾಟಿಹೋಗಲಾರದ ಸಮಾರ್ಯದವನ ಉತ್ತರ ಅವರದು. ಕೊಲೆಯ ಯಂತ್ರಕ್ಕೆ ಕೈಜೋಡಿಸಲಾರದವರ ಉತ್ತರ ಇವರದು. ಎರಡನ್ನೂ ಸಭೆಯು ಕೇಳಬೇಕು.

ಓಕಿನಾವದಲ್ಲಿ ಸತ್ತ ನಾಗರಿಕರ ಸಂಖ್ಯೆ ಸುಮಾರು ಒಂದು ಲಕ್ಷವೆಂಬ ಅಂದಾಜಿದೆ. ಚಿತ್ರದಲ್ಲಿ ಅವರಿಗೆ ಮುಖವಿಲ್ಲ. ಉಳಿದ 75 ಜೀವಗಳನ್ನು ಕೊಂಡಾಡುವಾಗ ಇವರಿಗಾಗಿ ಪ್ರಲಾಪಿಸುವುದೂ ನಮ್ಮ ಕರ್ತವ್ಯ.

ಗುವಾಮ್‌ನಲ್ಲಿ ಮೊದಲ ದಿನವೇ, ಒಬ್ಬರನ್ನೂ ಉಳಿಸದೆ, ಡಾಸ್ ಮಡಿದಿದ್ದರೆ ಅವರ ನಿಲುವು ತಪ್ಪಾಗುತ್ತಿತ್ತೇ? ಇಲ್ಲವೆಂದು ನಾವು ಉತ್ತರಿಸುವುದಾದರೆ, ನಮ್ಮ ಯುವಕರ ಮುಂದೆ ಪದಕ ಪಡೆದ ವೀರನನ್ನಲ್ಲ, ಶಿಬಿರದ ಮಂಚದ ಬಳಿ ಮೊಣಕಾಲೂರಿ, ಜೊತೆಗಾರರ ಅಪಹಾಸ್ಯದ ನಡುವೆ ಪ್ರಾರ್ಥಿಸುತ್ತಿದ್ದ ಆ ಹುಡುಗನನ್ನು ಮೊದಲು ನಿಲ್ಲಿಸೋಣ. ಶಿಲುಬೆಯೂ ಪುನರುತ್ಥಾನದ ಮುಂಜಾನೆಗೆ ಮುಂಚೆ ಸೋಲಿನಂತೆಯೇ ತೋರಿತ್ತು.