ವಕಾಲತ್ತು ಯಾರ ಕೈಗೆ? ಕಲಬುರಗಿ ಸೀಮೆಯ ಸಂಸ್ಥೆಗಳೂ ಹೊರಗಿನ ವಕೀಲರೂ

ಕಲಬುರಗಿಯಿಂದ ಅಫಜಲಪುರಕ್ಕೆ ಹೊರಟ ಬಸ್ಸು ಚೌಡಾಪುರದಲ್ಲಿ ನಿಂತಾಗ ಗಾಣಗಾಪುರದ ದತ್ತನ ಭಕ್ತರು ಇಳಿದು ಬೇರೆ ಹಾದಿ ಹಿಡಿಯುತ್ತಾರೆ. ಮುಂದಕ್ಕೆ ಹೋಗುವವರಲ್ಲಿ ಕೋರ್ಟಿನ ತಾರೀಖಿಗೆ ಹೊರಟ ರೈತರೂ ಇರುತ್ತಾರೆ. ರೈತ ವಕೀಲರನ್ನು ಹುಡುಕುವ ಬಗೆ ಸರಳ: ಪರಿಚಯದ ಹಿರಿಯರೊಬ್ಬರು ಹೆಸರು ಹೇಳುತ್ತಾರೆ, ಇವನು ಹೋಗಿ ವಕಾಲತ್ತಿಗೆ ಸಹಿ ಹಾಕುತ್ತಾನೆ. ಎದುರು ಪಕ್ಷ ನೀರಾವರಿ ನಿಗಮವೋ ಬ್ಯಾಂಕೋ ಸಕ್ಕರೆ ಕಾರ್ಖಾನೆಯೋ ಆಗಿದ್ದರೆ ಆ ಕಡೆಯ ವಕೀಲರನ್ನು ಆರಿಸಿದವರು ಯಾರು, ಎಲ್ಲಿ ಕುಳಿತು ಆರಿಸಿದರು? ಈ ಸೀಮೆಯ ಮಟ್ಟಿಗೆ ನನ್ನ ವಾದ ಇಷ್ಟು: ಈ ಆಯ್ಕೆಯನ್ನು ವಕೀಲರ ಜಾಣತನಕ್ಕಿಂತ ಹೆಚ್ಚಾಗಿ ನ್ಯಾಯಾಲಯ ಇದ್ದ ಊರು ನಿರ್ಧರಿಸಿದೆ.

ನಿಜಾಮರ ಕಾಲದಲ್ಲಿ ಗುಲಬರ್ಗಾ (ಇಂದಿನ ಕಲಬುರಗಿ) ಸುಬಾ ಎಂಬ ಪ್ರಾಂತದ ಕೇಂದ್ರ. ಹೈಕೋರ್ಟು ಹೈದರಾಬಾದಿನಲ್ಲಿತ್ತು, ಕಲಾಪ ಉರ್ದುವಿನಲ್ಲಿ ನಡೆಯುತ್ತಿತ್ತು. ಉರ್ದು ಬಾರದವನಿಗೆ ಆ ಅಂಗಳದಲ್ಲಿ ವಕೀಲಿ ಮಾಡುವುದು ದೂರದ ಮಾತು. ಅದೇ ಕಾಲದ ಮುಂಬಯಿಯಲ್ಲಿ 1856ರಲ್ಲೇ ಶುರುವಾದ ಲಿಟಲ್ ಅಂಡ್ ಕಂಪನಿಯಂಥ ಸಾಲಿಸಿಟರ್ ಸಂಸ್ಥೆಗಳಿದ್ದವು. ಸಾಲಿಸಿಟರ್ ಕಾಗದಪತ್ರ ಸಿದ್ಧಪಡಿಸಿ, ವಾದಿಸಲು ಬ್ಯಾರಿಸ್ಟರನ್ನು ಗೊತ್ತುಮಾಡುತ್ತಿದ್ದ. ನಮ್ಮ ಕಡೆ ಇಂದಿಗೂ ವಕೀಲರ ‘ಸಂಸ್ಥೆ’ ಎಂದರೆ ಬಹುಮಟ್ಟಿಗೆ ಒಬ್ಬ ಹಿರಿಯ ವಕೀಲರ ಆಫೀಸು: ಅವರು, ನಾಲ್ಕಾರು ಜೂನಿಯರುಗಳು, ಎಲ್ಲ ತಾರೀಖನ್ನೂ ನೆನಪಿಟ್ಟ ಒಬ್ಬ ಗುಮಾಸ್ತ.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಏಕೀಕರಣದ ಚರಿತ್ರೆಯಲ್ಲಿ ಭಾಷೆಯ ಮಾತು ಬೇಕಾದಷ್ಟು ಬಂದಿದೆ, ಅಪೀಲಿನ ಹಾದಿಯ ಮಾತು ಬಂದದ್ದು ಕಡಿಮೆ. ಸುಮಾರು 220 ಕಿಲೋಮೀಟರ್ ದೂರದ ಹೈದರಾಬಾದಿಗೆ ಹೋಗುತ್ತಿದ್ದ ಅಪೀಲು ಈಗ ಸುಮಾರು 600 ಕಿಲೋಮೀಟರ್ ಆಚೆಯ ಬೆಂಗಳೂರಿಗೆ ಹೋಗಬೇಕಾಯಿತು. ಒಂದೇ ಮೊಕದ್ದಮೆಗೆ ಇಬ್ಬರು ವಕೀಲರು: ಸಾಕ್ಷಿಯ ಮುಖ ನೋಡಿದವರು ಇಲ್ಲಿ, ಕಾಗದ ಮಾತ್ರ ನೋಡಿದವರು ಅಲ್ಲಿ. ಇಬ್ಬರ ನಡುವೆ ಫೈಲು ಹೊತ್ತು ಓಡಾಡುವುದು ಕಕ್ಷಿಗಾರ ಸಂಸ್ಥೆಯ ಕಾನೂನು ಅಧಿಕಾರಿಯ ಪಾಲಿಗೆ ಬಂತು.

ಆ ಅಧಿಕಾರಿಯೇ ವಾದಿಸಬಾರದೇಕೆ? ವಕೀಲರ ಪರಿಷತ್ತಿನ 49ನೇ ನಿಯಮ ಅಡ್ಡ ಬರುತ್ತದೆ. ಪೂರ್ಣಾವಧಿ ಸಂಬಳಕ್ಕಿರುವವರು ವಕೀಲಿ ಮಾಡುವಂತಿಲ್ಲ. ಹಿಮಾಚಲದ ವಿದ್ಯುತ್ ಮಂಡಳಿಯ ಕಾನೂನು ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ಇದನ್ನು ಖಚಿತಪಡಿಸಿತು. ಸಂಬಳದ ಕಾನೂನು ಸಲಹೆಗಾರನಿಗೆ ವಕೀಲನಿಗಿರುವಷ್ಟು ಗೋಪ್ಯತೆಯ ರಕ್ಷಣೆಯೂ ಇಲ್ಲವೆಂದು ಅದೇ ಕೋರ್ಟಿನ 2025ರ ಅಕ್ಟೋಬರ್ 31ರ ತೀರ್ಪು ಹೇಳಿದೆ. ಹೊರಗಿನ ವಕೀಲರ ಮೊರೆಹೋಗುವುದು ಹೀಗೆ ಸಂಸ್ಥೆಗಳಿಗೆ ತಪ್ಪದ ಕೆಲಸ.

ಈ ಸೀಮೆಯಲ್ಲಿ ಆ ಕೆಲಸವನ್ನು ಹೆಚ್ಚಿಸಿದ್ದು ನೀರಾವರಿ. ಕೃಷ್ಣಾ ಭಾಗ್ಯ ಜಲ ನಿಗಮ 1994ರ ಆಗಸ್ಟಿನಲ್ಲಿ, ಕರ್ನಾಟಕ ನೀರಾವರಿ ನಿಗಮ 1998ರಲ್ಲಿ ಹುಟ್ಟಿದವು. ಎರಡೂ ಕಾಗದದ ಮೇಲೆ ಕಂಪನಿಗಳೇ. ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜು, ಭೀಮಾ ಏತ ನೀರಾವರಿಯ ಕಾಲುವೆಗಳು ಎರಡನೆಯದರ ವ್ಯಾಪ್ತಿಗೆ ಬರುತ್ತವೆ. 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಡಿ, ಪರಿಹಾರ ಸಾಲದೆಂದ ರೈತ ಸಿವಿಲ್ ಕೋರ್ಟಿಗೆ ಹೋಗಬಹುದಿತ್ತು. ಅಲ್ಲಿ ಭೂಸ್ವಾಧೀನಾಧಿಕಾರಿಯ ಪರ ನಿಲ್ಲುವವರು ಸರ್ಕಾರಿ ವಕೀಲರು. ಹಣ ಕೊಡಬೇಕಾದ ಸಂಸ್ಥೆಗೆ ಮಾತಾಡುವ ಹಕ್ಕಿದೆಯೇ ಎಂಬುದು ಬಹುಕಾಲ ತಕರಾರಿನಲ್ಲೇ ಇತ್ತು. ಉತ್ತರ ಪ್ರದೇಶದ ಆವಾಸ್ ವಿಕಾಸ್ ಪರಿಷತ್ತಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1994ರ ಅಕ್ಟೋಬರಿನಲ್ಲಿ ಹಕ್ಕಿದೆ ಎಂದಿತು. ನೈವೇಲಿ ಲಿಗ್ನೈಟ್ ಪ್ರಕರಣದಲ್ಲಿ ಅದು ಕಂಪನಿಗಳಿಗೂ ವಿಸ್ತರಿಸಿತು. ಮೊದಲ ನಿಗಮ ಹುಟ್ಟಿದ ವರ್ಷವೇ ಅದಕ್ಕೆ ತನ್ನದೇ ವಕೀಲರನ್ನು ನಿಲ್ಲಿಸುವ ಹಾದಿ ತೆರೆದದ್ದು ಕಾಕತಾಳೀಯ. ಪರಿಣಾಮ ಮಾತ್ರ ಸಣ್ಣದಲ್ಲ.

ಇಂಥ ದಾವೆಯನ್ನು ಗೆಲ್ಲಿಸುವುದೋ ಸೋಲಿಸುವುದೋ ‘ಪ್ಯಾರಾವಾರು’. ಅರ್ಜಿಯ ಒಂದೊಂದು ಪ್ಯಾರಾಕ್ಕೂ ಇಲಾಖೆಯ ಉತ್ತರ ಬರೆದು ವಕೀಲರಿಗೆ ಕಳಿಸಬೇಕು. ಬರೆಯುವವರು ಕಾಲುವೆಯ ಲೆಕ್ಕ ಬಲ್ಲ ಇಂಜಿನಿಯರ್; ಅರ್ಜಿಯಲ್ಲಿರುವುದು ಎಕರೆಗೆ ತೊಗರಿಯ ಇಳುವರಿ, ಖರ್ಚು ಕಳೆದ ಆದಾಯ, ಅದರ ಹತ್ತು ಪಟ್ಟು ಬೆಲೆ! ಪಕ್ಕದ ಹೊಲದ ಖರೀದಿ ಪತ್ರ ಉಪನೋಂದಣಿ ಕಚೇರಿಯಲ್ಲಿದೆ, ಪಹಣಿ ತಹಸೀಲಿನಲ್ಲಿದೆ, ಇವೆರಡನ್ನೂ ತರಿಸದೆ ಎಷ್ಟು ದೊಡ್ಡ ವಕೀಲರನ್ನು ನಿಲ್ಲಿಸಿದರೂ ಅವರು ಪಾಟೀಸವಾಲಿನಲ್ಲಿ ಬರಿಗೈ. ಆ ಕಾಯ್ದೆಯಡಿ ಸೋತ ಮೇಲೆ ಹೈಕೋರ್ಟಿಗೆ 90 ದಿನದೊಳಗೆ ಹೋಗಬೇಕಿತ್ತು. ಟೇಬಲ್ಲಿನಿಂದ ಟೇಬಲ್ಲಿಗೆ ಫೈಲು ಸರಿಯುವುದು ತಡವಾಯಿತೆಂಬ ಸಬೂಬು ಇನ್ನು ನಡೆಯದೆಂದು ಸುಪ್ರೀಂ ಕೋರ್ಟು 2012ರಲ್ಲಿ, ಅಂಚೆ ಇಲಾಖೆಯ 427 ದಿನಗಳ ವಿಳಂಬದ ಪ್ರಕರಣದಲ್ಲಿ ಹೇಳಿತು. ವಕೀಲರ ಮೇಲ್ವಿಚಾರಣೆ ಎಂದು ಕರೆಯುವುದರಲ್ಲಿ ಮುಕ್ಕಾಲು ಪಾಲು ತನ್ನದೇ ಕಚೇರಿಯ ಮೇಲ್ವಿಚಾರಣೆ.

ಬ್ಯಾಂಕುಗಳ ದಾರಿ ಬೇರೆ. 1978ರಲ್ಲಿ ಶುರುವಾದ ಕೃಷ್ಣಾ ಗ್ರಾಮೀಣ ಬ್ಯಾಂಕಿನಂಥವು ಹಳ್ಳಿಗೆ ಸಾಲ ತಂದವು. ಸಾಲಕ್ಕೆ ಮುನ್ನ ಜಮೀನಿನ ಹಕ್ಕುಪತ್ರ ನೋಡಿ ಅಭಿಪ್ರಾಯ ಕೊಡುವವರು ಬ್ಯಾಂಕುಗಳ ‘ಪ್ಯಾನೆಲ್ ವಕೀಲರು’. ಪ್ಯಾನೆಲ್ ಪಟ್ಟಿ ಒಳ್ಳೆಯ ವಕೀಲರನ್ನು ಹುಡುಕುವುದಕ್ಕಿಂತ, ಮುಂದೆ ಆಡಿಟ್ ಬಂದಾಗ ಮ್ಯಾನೇಜರನ್ನು ಕಾಪಾಡುವುದಕ್ಕೆ ಹೆಚ್ಚು ಉಪಯೋಗವೆಂದು ನನ್ನ ಗುಮಾನಿ. ವಿಜಯಾ ಬ್ಯಾಂಕಿನ ಹೈದರಾಬಾದ್ ಶಾಖೆಯೊಂದರ ಸಾಲದ ವಂಚನೆಯಲ್ಲಿ ಪ್ಯಾನೆಲ್ ವಕೀಲರನ್ನೂ ಆರೋಪಿಯಾಗಿಸಲಾಗಿತ್ತು. ಅಭಿಪ್ರಾಯ ತಪ್ಪಾಯಿತೆಂಬ ಒಂದೇ ಕಾರಣಕ್ಕೆ ವಕೀಲ ಅಪರಾಧಿಯಾಗುವುದಿಲ್ಲ, ವಂಚಕರ ಜೊತೆ ಕೈಜೋಡಿಸಿದ್ದಕ್ಕೆ ಪುರಾವೆ ಬೇಕೆಂದು 2012ರಲ್ಲಿ ತೀರ್ಪಾಯಿತು.

2008ರ ಜುಲೈಯಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಗುಲಬರ್ಗಾಕ್ಕೆ ಬಂತು, 2013ರ ಆಗಸ್ಟಿನಲ್ಲಿ ಕಾಯಂ ಆಯಿತು. ಬೆಂಗಳೂರಿನಲ್ಲಿದ್ದ ಕಟ್ಟುಗಳು ಮರಳಬೇಕಾದವು, ಹೊಸ ವಕಾಲತ್ತು ಬೇಕಾಯಿತು. ವಕೀಲರನ್ನು ಬದಲಿಸುವಾಗ ಹಳಬರ ‘ಅಭ್ಯಂತರವಿಲ್ಲ’ ಪಡೆಯುವುದು ರೂಢಿ, ಫೀ ಬಾಕಿಯಿದ್ದರೆ ಅಲ್ಲೇ ಗಂಟು ಬೀಳುತ್ತದೆ. ಫೀಗಾಗಿ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು ಮಧ್ಯಪ್ರದೇಶದ ಸಹಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ 2000ದಲ್ಲೇ ಇತ್ಯರ್ಥವಾಗಿತ್ತು.

ಊರಿನ ಪ್ರಶ್ನೆ ಮಾತ್ರ ಇತ್ಯರ್ಥವಾಗಿಲ್ಲ. ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಘಟಕವಿರುವ ರೇಣುಕಾ ಶುಗರ್ಸ್‌ನ ನೋಂದಾಯಿತ ಕಚೇರಿ ಬೆಳಗಾವಿಯಲ್ಲಿದೆ. ಅಲ್ಲಿಗೆ ಹತ್ತಿರದ ಹೈಕೋರ್ಟು ಧಾರವಾಡ ಪೀಠ. ಹವಳಗಾದಲ್ಲಿ ಹುಟ್ಟಿದ ದಾವೆ ಮಾತ್ರ ಚೌಡಾಪುರ ದಾಟಿ ಕಲಬುರಗಿಗೇ ಹೋಗುತ್ತದೆ.