ಒಗ್ಯಾಣದ ಲೆಕ್ಕ, ಶ್ರೀರಂಗಪಟ್ಟಣದ ವಜ್ರ

ಮೊನ್ನೆ ಸತ್ಯನಾರಾಯಣ ಪೂಜಾಕ್ಕ ಎಲ್ಲಾರೂ ಕೂಡಿದಾಗ ಹೋಳಿಗಿ ಲಟ್ಟಿಸ್ಕೋತ ನಮ್ಮ ಕಾಕು ಕೇಳಿದ್ರು, "ರಾತ್ರಿ ಹನ್ನೊಂದರ ತನಕಾ ದೀಪಾ ಹಚ್ಚಿಕೊಂಡು ಏನು ಓದ್ತೀಯವಾ?" ನಾ ಅಂದೆ, "ಕೊಲಿ ಕತಿ ಕಾಕು. ಅದರಾಗ ಪ್ರೀತಿನೂ ಅದ." ಎಲ್ಲಾರೂ ನಕ್ಕ್ರು. ನಗ್ರಿ, ಏನೂ ಬ್ಯಾಸರಿಲ್ಲ. ನಮ್ಮವ್ವನ ಕಾಲದಾಗ ಬಾಡಿಗಿ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ತರಿಸಿ, ಒಲಿ ಮುಂದ ಕೂತು ಓದಿ, ಮಾವನವರು ಬಂದ ಸಪ್ಪಳ ಆದಕೂಡ್ಲೆ ಅಕ್ಕಿ ಮರದ ಕೆಳಗ ತಳ್ಳತಿದ್ರಂತ. ನನಗೂ ಅದ ಹುಚ್ಚು ಬಂದದ ಅಷ್ಟ.

ಸಣ್ಣ ಊರು, ದೊಡ್ಡ ಮನಿ, ಎಂದೋ ಆದ ಕೊಲಿ, ಹೊರಗಿಂದ ಬಂದ ಪತ್ತೇದಾರ, ನಡುವ ಒಂದು ಹುಡುಗ ಒಂದು ಹುಡುಗಿ – ಈ ನಮೂನಿ ಕತಿ ಈಗ ಟೀವಿಯೊಳಗ ಬೇಕಾದಷ್ಟು ಬರ್ತಾವ. ಆದ್ರ ಇದರ ಬೇರು ಹುಡುಕ್ಕೋತ ಹೋದ್ರ ಎರಡು ಕಡೆ ಹೋಗಿ ನಿಲ್ಲತದ. ಒಂದು, ಇಂಗ್ಲಂಡಿನ ಒಂದು ಹಳ್ಳಿ ಮನಿಯ ಒಗ್ಯಾಣದ ಬುಟ್ಟಿ. ಇನ್ನೊಂದು, ನಮ್ಮ ಶ್ರೀರಂಗಪಟ್ಟಣ. ಆ ಇತಿಹಾಸಾನ ಇವತ್ತು ಹೇಳ್ತೀನಿ. ಕಡೀಕ ನನ್ನದೊಂದು ತಪ್ಪೂ ಒಪ್ಪಿಕೊಳ್ಳೋದದ, ಅದಕ್ಕ ಕೂಡ್ರಿ.

1860ನೇ ಇಸವಿ. ಇಂಗ್ಲಂಡಿನಾಗ ರೋಡ್ ಅಂತ ಒಂದು ಸಣ್ಣ ಹಳ್ಳಿ. ಅಲ್ಲಿ ಸ್ಯಾಮ್ಯುಯೆಲ್ ಕೆಂಟ್ ಅನ್ನೋ ಕಾರಖಾನಿ ಇನ್ಸ್‌ಪೆಕ್ಟರನ ದೊಡ್ಡ ಮನಿ. ಮೊದಲನೇ ಹೆಂಡತಿಗೆ ತಲಿ ಸರಿ ಇಲ್ಲಂತ ಹೇಳಿ ಮೂಲ್ಯಾಗ ಕೂಡಿಸಿದ್ರು. ಮಕ್ಕಳಿಗೆ ಪಾಠ ಹೇಳಲಿಕ್ಕೆ ಬಂದಾಕಿ ಮನಿ ಕಾರಭಾರ ಹಿಡದ್ಲು, ಮೊದಲನೇಕಿ ತೀರಿಕೊಂಡ ಮ್ಯಾಲೆ ಆಕೀನ ಎರಡನೇ ಹೆಂಡತಿ ಆದ್ಲು. ಇಂಥಾ ಮನಿ ಒಳಗ ದೊಡ್ಡ ಹೆಂಡತಿ ಮಕ್ಕಳ ಮನಸು ಹೆಂಗಿದ್ದೀತು, ನಿಮಗ ನಾ ಬಿಡಿಸಿ ಹೇಳಬೇಕಾಗಿಲ್ಲ.

ಜೂನ್ 29ರ ರಾತ್ರಿ ಎಲ್ಲಾರೂ ಮಲ್ಕೊಂಡ್ರು. ಮುಂಜಾನೆ ಎದ್ದು ನೋಡಿದ್ರ ಎರಡನೇಕಿಯ ಮಗ, ಇನ್ನಾ ನಾಕು ವರ್ಷ ತುಂಬದ ಸ್ಯಾವಿಲ್ ಅನ್ನೋ ಕೂಸು ಹಾಸಿಗ್ಯಾಗಿಲ್ಲ. ಹುಡುಕಿದ್ರ ತ್ವಾಟದಾಗಿನ ಪಾಯಖಾನಿಯೊಳಗ ಸಿಕ್ತು. ಗಂಟಲ ಕೊಯ್ದಿದ್ರು. ಹೊರಗಿನ ಕಳ್ಳರ ಕೆಲಸ ಅಲ್ಲ, ಮನಿಯವ್ರದ ಅಂತ ಲಗೂನ ಗೊತ್ತಾತು.

ಮೊದಲ ಬೆರಳು ಯಾರ ಕಡೆ ಹೋತು ಹೇಳ್ರಿ? ಕೂಸಿನ ಖೋಲ್ಯಾಗ ಮಲಗತಿದ್ದ ದಾದಿ ಕಡೆ. ಎಲಿಜಬೆತ್ ಗಫ್ ಅಂತ ಆಕಿ ಹೆಸರು. ಊರವ್ರು, ಪೇಪರಿನವ್ರು ಎಲ್ಲಾರೂ ಆಕೀನ ಹಿಡದ್ರು. ಮನಿ ಮಂದಿನ್ನ ಕೇಳೋದಕ್ಕಿಂತ ಮನಿ ಕೆಲಸದವರನ್ನ ಕೇಳೋದು ಸಸಾರ ಅಲ್ಲೇನು?

ಎರಡು ವಾರ ಆದಮ್ಯಾಲೆ ಲಂಡನ್ನಿಂದ ಜೊನಾಥನ್ ವಿಚರ್ ಅನ್ನೋ ಪತ್ತೇದಾರ ಬಂದ. 1842ರಾಗ ಲಂಡನ್ ಪೊಲೀಸರು ಮೊದಲನೇ ಸಲ ಎಂಟು ಮಂದಿಯ ಪತ್ತೇದಾರಿ ದಳ ಕಟ್ಟಿದ್ರಲ್ಲ, ಅದರಾಗಿನವ ಅಂವ. ಬಂದಾವ ಚಾಕು, ರಕ್ತ ಅಂತ ಕೂಡಲಿಲ್ಲ, ಒಗ್ಯಾಣದ ಲೆಕ್ಕ ಕೇಳಿದ. ದೊಡ್ಡ ಹೆಂಡತಿ ಮಗಳು ಕಾನ್‌ಸ್ಟನ್ಸ್, 16 ವರ್ಷದಾಕಿ. ಆಕಿ ಹಂತೇಲೆ ರಾತ್ರಿ ತೊಡೋ ನಿಲುವಂಗಿ ಮೂರು ಇದ್ವು, ಈಗ ಎರಡ ಅವ. ಮೂರನೇದು ಎಲ್ಲಿ? ಅಗಸಗಿತ್ತಿ ಕಳದಾಳ ಅಂತ ಮನಿಯವ್ರು. ನನಗ ಬಂದೇ ಇಲ್ಲ ಅಂತ ಅಗಸಗಿತ್ತಿ.

ವಿಚರ್ ಅಂದ: ಕೆಲಸದ ಹುಡುಗಿ ಬುಟ್ಟ್ಯಾಗ ಅರಿವಿ ಎಣಿಸಿ ಹಾಕೋ ಮುಂದ ಕಾನ್‌ಸ್ಟನ್ಸ್ ಅಲ್ಲಿ ಬಂದು ಒಂದು ಗ್ಲಾಸ್ ನೀರು ತಾ ಅಂದಾಳ. ಹುಡುಗಿ ನೀರಿಗೆ ಹೋದಾಗ ಬುಟ್ಟ್ಯಾಗಿನ ತನ್ನ ಅಂಗಿ ತಿರುಗಿ ತಗೊಂಡಾಳ. ಲೆಕ್ಕದಾಗ ಅಂಗಿ ಹೋಗ್ಯದ, ಬುಟ್ಟ್ಯಾಗ ಇಲ್ಲ. ರಕ್ತ ಹತ್ತಿದ ಅಂಗಿ ಆಕಿ ಮೊದಲ ಇಲ್ಲದಂಗ ಮಾಡಿದ್ಲು, ಆ ಕಡಿಮಿಯ ಪಾಪಾ ಹೋಗಿ ಅಗಸಗಿತ್ತಿ ತಲಿ ಮ್ಯಾಲೆ ಕೂತು. ನೋಡ್ರಿ, ಎಂಥಾ ಲೆಕ್ಕ! ಇದನ್ನ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ನಮ್ಮ ಇಸ್ತ್ರಿಯವನ ಚೀಟಿ ಒಮ್ಮೆ ತಗದು ಎಣಿಸಿದೆ.

ಕಾನ್‌ಸ್ಟನ್ಸಳನ್ನ ವಿಚರ್ ಹಿಡದ. ಆದ್ರ ಆ ಅಂಗಿ ಸಿಗಲಿಲ್ಲ, ಸಾಕ್ಷಿ ಸಾಲಲಿಲ್ಲ, ಒಂದು ವಾರದಾಗ ಆಕೀನ ಬಿಟ್ರು. ಕೋರ್ಟಿನಾಗ ಮಂದಿ ಆಕಿ ಪರವಾಗಿ ಚಪ್ಪಾಳಿ ಹೊಡದ್ರಂತ. ಒಬ್ಬ ಕೂಲಿ ಮಗ ದೊಡ್ಡ ಮನಿ ಹುಡುಗಿ ಮ್ಯಾಲೆ ಇಂಥಾ ಮಾತು ಆಡೋದಂದ್ರೇನು ಅಂತ ಪೇಪರಿನವ್ರು ವಿಚರನ್ನ ಹರಕೊಂಡು ತಿಂದ್ರು. ದಾದಿಯನ್ನ ಮತ್ತ ಹಿಡದ್ರು, ಮತ್ತ ಬಿಟ್ರು. ವಿಚರ್ ಮನಸು ಮುರದು 1864ರಾಗ ನೌಕರಿನ ಬಿಟ್ಟ.

ಮುಂದಿನ ವರ್ಷ, 1865ರ ಏಪ್ರಿಲ್‌ದಾಗ, ಕಾನ್‌ಸ್ಟನ್ಸ್ ತಾನಾಗೇ ಲಂಡನ್ನಿನ ಕೋರ್ಟಿಗೆ ಬಂದು "ನಾನ ಮಾಡೀನಿ" ಅಂತ ಒಪ್ಪಿಕೊಂಡ್ಲು. ಅಂಗಿ ಸುಟ್ಟೆ ಅಂದ್ಲು. ಮೊದಲು ಗಲ್ಲು ಅಂದ್ರು, ಆಮ್ಯಾಲೆ ಜೀವಾವಧಿ ಮಾಡಿದ್ರು. 20 ವರ್ಷ ಜೈಲಿನಾಗಿದ್ದು 1885ರಾಗ ಹೊರಗ ಬಂದು, ಆಸ್ಟ್ರೇಲಿಯಾಕ್ಕ ಹೋಗಿ, ಹೆಸರು ಬದಲಿ ಮಾಡಿಕೊಂಡು ನರ್ಸ್ ಆದ್ಲು. 1944ರಾಗ ಸಾಯೋ ಮುಂದ ಆಕಿಗೆ ನೂರು ವರ್ಷ ಆಗಿದ್ವು. ತಮ್ಮನ್ನ ಉಳಿಸಲಿಕ್ಕೆ ಆಕಿ ಎಲ್ಲಾನೂ ತನ್ನ ಮ್ಯಾಲೆ ಹಾಕ್ಕೊಂಡ್ಲೇನೋ ಅಂತ ಇವತ್ತಿಗೂ ವಾದ ಮಾಡೋವ್ರು ಇದ್ದಾರ. 2008ರಾಗ ಕೇಟ್ ಸಮರ್‌ಸ್ಕೇಲ್ ಅನ್ನೋ ಲೇಖಕಿ ವಿಚರನ ಮ್ಯಾಲೆ ಬರದ ಪುಸ್ತಕಕ್ಕ ದೊಡ್ಡ ಬಹುಮಾನನೂ ಬಂತು.

ಈಗ ಎರಡನೇ ಬೇರಿಗೆ ಬರ್ತೀನಿ.

ಆ ಖಟ್ಲೆ ಆಗಿ ಎಂಟು ವರ್ಷಕ್ಕ, 1868ರ ಜನವರಿಯಿಂದ, ಲಂಡನ್ನಿನಾಗ ಚಾರ್ಲ್ಸ್ ಡಿಕನ್ಸ್ ನಡಸತಿದ್ದ ವಾರಪತ್ರಿಕೆಯೊಳಗ ಒಂದು ಧಾರಾವಾಹಿ ಶುರು ಆತು. ಹೆಸರು 'ದಿ ಮೂನ್‌ಸ್ಟೋನ್', ಚಂದ್ರನ ಹೆಸರಿನ ಒಂದು ವಜ್ರದ ಕತಿ. ಬರದಾವ ವಿಲ್ಕಿ ಕಾಲಿನ್ಸ್. ಇಂಗ್ಲಿಷಿನಾಗ ಪತ್ತೇದಾರಿ ಕಾದಂಬರಿ ಅಂದ್ರ ಹಿರೇತನ ಇದಕ್ಕ ಅಂತ ಎಷ್ಟೋ ಮಂದಿ ದೊಡ್ಡವ್ರು ಹೇಳ್ಯಾರ. ಅದರ ಮೊದಲನೇ ಪುಟ ತಗದ್ರ ಲಂಡನ್ ಇಲ್ಲ, ಇರೋದು ಶ್ರೀರಂಗಪಟ್ಟಣ! 1799ರ ಮೇ 4. ಟಿಪ್ಪು ಬಿದ್ದ ದಿವಸ.

ನಾವು ಹೋದ ವರ್ಷ ಬಸ್ ಮಾಡಿಕೊಂಡು ಹೋದಾಗ ಟಿಪ್ಪುವಿನ ಶವ ಸಿಕ್ಕ ಜಾಗಾ ನೋಡಿದ್ವಲ್ಲ, ಕಲ್ಲು ನಿಲ್ಲಿಸ್ಯಾರ? ಬಿಸಲಾಗ ನಿಂತು "ಲಗೂ ನಡೀರಿ, ರಂಗನಾಥನ ಗುಡಿ ಮುಚ್ಚತದ" ಅಂತ ವೈನಿ ಅವಸರ ಮಾಡಿದ್ರು. ಆ ದಿವಸ ಕೋಟಿ ಒಡದ ಮ್ಯಾಲೆ ಸಿಪಾಯಿಗಳು ಊರು ಲೂಟಿ ಮಾಡಿದ್ದು ಖರೇ ಇತಿಹಾಸ. ಅಲ್ಲಿಂದ ಒಯ್ದ ಸಾಮಾನು ಇವತ್ತಿಗೂ ಇಂಗ್ಲಂಡಿನ ಮ್ಯೂಸಿಯಮ್ಮಿನಾಗ ಅವ. ಇಂಗ್ಲಿಷ್ ಸಿಪಾಯಿ ಮ್ಯಾಲೆ ಬಿದ್ದ ಕಟ್ಟಿಗಿ ಹುಲಿ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಾಗ ಅದ.

ವಜ್ರ ಮಾತ್ರ ಕಾಲಿನ್ಸನ ಕಲ್ಪನಾ. ಸೋಮನಾಥದ ಚಂದ್ರದೇವರ ಹಣಿ ಮ್ಯಾಲಿನ ವಜ್ರ ಕೈ ಬದಲಾಕ್ಕೋತ ಟಿಪ್ಪುವಿನ ಆಯುಧಶಾಲಿಗೆ ಬಂದು, ಒಂದು ಕಠಾರಿ ಹಿಡಿಯೊಳಗ ಕೂತದಂತ. ಲೂಟಿ ದಿವಸ ಹರ್ನ್‌ಕಾಸಲ್ ಅನ್ನೋ ಇಂಗ್ಲಿಷ್ ಅಧಿಕಾರಿ, ಅದನ್ನ ಕಾಯತಿದ್ದ ಮೂವರನ್ನ ಕೊಂದು ವಜ್ರ ಹೊಡಕೊಂಡ. ಕೇಳೋವ್ರು ಯಾರೂ ಇರಲಿಲ್ಲ. ಪೊಲೀಸ್ ಬರಲಿಲ್ಲ, ಖಟ್ಲೆ ಆಗಲಿಲ್ಲ. ಕತಿಯೊಳಗಿನ ಹಳೇ ಕೊಲಿ ಅಂದ್ರ ಇದ.

ಐವತ್ತು ವರ್ಷದ ಮ್ಯಾಲೆ ಆ ವಜ್ರ ಇಂಗ್ಲಂಡಿನ ಯಾರ್ಕ್‌ಶೈರ್ ಕಡೆ ಒಂದು ಮನಿಗೆ ಬರ್ತದ. ಅಧಿಕಾರಿಯ ತಂಗಿ ಮಗಳು ರೇಚಲ್, 18 ತುಂಬಿದ ಹುಟ್ಟುಹಬ್ಬಕ್ಕ ಸೋದರಮಾವನ ಉಡುಗೊರಿ. ಆಕಿಗೂ ಫ್ರಾಂಕ್ಲಿನ್ ಅನ್ನೋ ಹುಡುಗಗೂ ಮನಸು ಕೂಡ್ಯದ, ಇಬ್ಬರೂ ಕೂಡಿ ಆಕಿ ಖೋಲಿ ಬಾಗಲಕ್ಕ ಬಣ್ಣ ಬಳದಾರ. ಮುಂಜಾನೆ ಎದ್ದು ನೋಡಿದ್ರ ವಜ್ರ ಇಲ್ಲ, ಬಾಗಲದ ಹಸಿ ಬಣ್ಣದ ಮ್ಯಾಲೆ ಯಾರದೋ ಅರಿವಿ ಸವರಿದ ಗುರ್ತು ಅದ.

ಸನೇದ ಊರಿನ ಪೊಲೀಸಪ್ಪ ಬಂದಕೂಡ್ಲೆ ಕೆಲಸದ ಹೆಣ್ಣುಮಕ್ಕಳ ಮ್ಯಾಲೆ ಹರಿಹಾಯ್ದ. ಲಂಡನ್ನಿಂದ ಬಂದ ಸಾರ್ಜಂಟ್ ಕಫ್ ಮಾತ್ರ – ಗುಲಾಬಿ ಹೂವಿನ ಹುಚ್ಚಿನವ – ಏನು ಕೇಳಿದ ಗೊತ್ತದೇನು? ಒಗ್ಯಾಣದ ಪುಸ್ತಕ! ಬಣ್ಣ ಹತ್ತಿದ ಅರಿವಿ ಯಾರದು, ಅದು ಈಗ ಎಲ್ಲದ? ಇದು ರೋಡ್ ಹಳ್ಳಿಯ ಖಟ್ಲೆಯಿಂದ ಬಂದದ್ದು ಅನ್ನೋದು ಓದಿದವರಿಗೆಲ್ಲಾ ಕಾಣತದ, ಖರೇ ಖಟ್ಲೆಯ ರಕ್ತ ಇಲ್ಲಿ ಬಣ್ಣ ಆಗ್ಯದ. ಕಫ್ ಮನಿಯವರ ಪೆಟ್ಟಿಗಿ ಎಲ್ಲಾ ನೋಡಬೇಕು ಅಂದಾಗ ಮನಿ ಯಜಮಾನಿ, ಮೊದಲು ನನ್ನ ಪೆಟ್ಟಿಗಿ ತಗೀರಿ, ಆಮ್ಯಾಲೆ ಕೆಲಸದವರದು ಅಂತಾಳ. ಆ ಜಾಗಾ ಓದಿ ನಾನು ಸುಮ್ಮನ ಕೂತುಬಿಟ್ಟೆ. ಯಾಕಂತ ಆಮ್ಯಾಲೆ ಹೇಳ್ತೀನಿ.

ಆ ಮನ್ಯಾಗ ರೋಸನ್ನಾ ಅಂತ ಒಬ್ಬ ಕೆಲಸದಾಕಿ. ಒಂದು ಹೆಗಲು ಸೊಟ್ಟ. ಹಿಂದ ಕಳವು ಮಾಡಿ ಜೈಲು ನೋಡಿ ಬಂದಾಕಿ. ಅಂದಮ್ಯಾಲೆ ಎಲ್ಲಾರ ಕಣ್ಣೂ ಆಕಿ ಮ್ಯಾಲೆ. ಆದ್ರ ಆಕಿ ಕದ್ದಿಲ್ಲ. ಫ್ರಾಂಕ್ಲಿನ್ನನ ಹಾಸಿಗಿ ಸರಿ ಮಾಡೋ ಮುಂದ ಅವನ ರಾತ್ರಿ ಅಂಗಿ ಮ್ಯಾಲೆ ಬಾಗಲದ ಬಣ್ಣ ನೋಡ್ಯಾಳ. ಅವನ ಮ್ಯಾಲೆ ಆಕಿಗೆ ಜೀವ. ಅರಿವಿ ತಂದು, ರಾತ್ರೆಲ್ಲಾ ಬಾಗಲಾ ಹಾಕ್ಕೊಂಡು ಕೂತು ಅಂಥಾದ ಇನ್ನೊಂದು ಅಂಗಿ ಹೊಲದು, ಲೆಕ್ಕಾ ಸರಿ ಮಾಡಿ ಇಟ್ಟಾಳ. ಬಣ್ಣದ ಅಂಗಿ ತಗಡಿನ ಡಬ್ಬ್ಯಾಗ ಹಾಕಿ ಸಮುದ್ರದಂಡಿಯ ಉಸುಕಿನಾಗ ಮುಚ್ಚಿಟ್ಟಾಳ. ಅಂವ ಆಕಿ ಕಡೆ ತಿರುಗಿ ಸುದ್ದಾ ನೋಡಲಿಲ್ಲ. ಕಡೀಕ ಆಕಿ ಅದ ಉಸುಕಿನಾಗ ಜೀವ ಬಿಟ್ಲು.

ಕಳ್ಳ ಯಾರು? ನೂರೈವತ್ತು ವರ್ಷದ ಕತಿ, ಹೇಳಿದ್ರ ತಪ್ಪಿಲ್ಲ. ವಜ್ರ ಹುಡುಕಲಿಕ್ಕೆ ಎಲ್ಲಾರಕಿಂತ ಹೆಚ್ಚು ಒದ್ದಾಡಿದಾವ, ಪೊಲೀಸರನ್ನ ಕರಸಿದಾವ ಫ್ರಾಂಕ್ಲಿನ್ನ ಅಲ್ಲೇನು, ವಜ್ರ ತಗದಾವ ಅವನ! ಊಟದಾಗ ವೈದ್ಯಶಾಸ್ತ್ರನ ಹೀಯಾಳಿಸಿದ್ದಕ್ಕ ಡಾಕ್ಟರು ಅವಗ ಗೊತ್ತಾಗದಂಗ ಅಫೀಮು ಕುಡಿಸಿದ್ರು. ಆ ಮಂಪರಿನಾಗ ವಜ್ರ ಜ್ವಾಪಾನ ಮಾಡಬೇಕು ಅನ್ನೋ ಧ್ಯಾನದಾಗ ಎದ್ದು ತಗದಾನ, ಮುಂಜಾನೆ ಒಂಚೂರೂ ನೆನಪಿಲ್ಲ. ರೇಚಲ್ ಕಣ್ಣಾರೆ ನೋಡಿ, ಪ್ರೀತಿಗೆ ಬಾಯಿ ಮುಚ್ಚಿಕೊಂಡು, ಒಂದು ವರ್ಷ ಸಿಟ್ಟಿನಾಗ ಸುಟ್ಟುಕೊಂಡಾಳ. ಅವನ ಕೈಯಿಂದ ವಜ್ರ ಇಸ್ಕೊಂಡು ನುಂಗಿದಾವ ಇನ್ನೊಬ್ಬ ನೆಂಟ, ಧರ್ಮಕಾರ್ಯದಾಗ ಹೆಸರು ಮಾಡಿದ ದೊಡ್ಡ ಮನುಷ್ಯ. ವಜ್ರ ಹಿಂದ ತರಲಿಕ್ಕೆ ಜಾತಿ ಕೆಟ್ರೂ ಕೆಡಲಿ ಅಂತ ಸಮುದ್ರ ದಾಟಿ ಹೋಗಿದ್ದ ಮೂವರು ಬ್ರಾಹ್ಮಣರ ಕೈಯಾಗ ಅಂವ ಸತ್ತ. ಕಡೀಕ ವಜ್ರ ಸೋಮನಾಥನ ಸೀಮಿಗೆ ತಿರುಗಿ ಬಂತು.

ಇಂಗ್ಲಿಷರ ರಾಜ್ಯ ಭರ್ಜರಿ ನಡದಿದ್ದ ಕಾಲದಾಗ, ಕಳವಿನ ಮಾಲು ಯಾರ ಮನಿಗೆ ಹೋಗಬೇಕೋ ಅಲ್ಲಿಗೇ ಹೋಗ್ಲಿ ಅಂತ ಒಬ್ಬ ಇಂಗ್ಲಿಷಿನಾವ ಬರದಾನಲ್ಲ, ಅದು ದೊಡ್ಡದು. ಅದನ್ನ ಬರಿಯೋ ಮುಂದ ಕಾಲಿನ್ಸನ ತಾಯಿ ತೀರಿಕೊಂಡ್ರು, ಕೀಲು ಬ್ಯಾನಿಗೆ ಅಂವ ತಾನೂ ಅಫೀಮಿನ ಔಷಧ ಕುಡೀತಿದ್ದ, ಬರಿಯಲಿಕ್ಕೆ ಆಗದ ಮಲಕೊಂಡ ಹೇಳಿ ಬರಸಿದ ಭಾಗನೂ ಅದರಾಗ ಅವ.

ಈಗ ನನ್ನ ಮಾತು.

ಎಂಟು ವರ್ಷದ ಹಿಂದ ಮೈದುನನ ಮದುವಿಗೆ ಹೋಗೋ ಮುಂದ ನನ್ನ ಹವಳದ ಬೆಂಡವಾಲಿ ಕಳದ್ವು, ನಿಮ್ಮೆಲ್ಲಾರಿಗೂ ನೆನಪಿರಬೇಕು. ಮನಿ ಮೂಲಿ ಮೂಲಿ ಜಾಡಿಸಿದೆ. ಎರಡು ದಿವಸ ಊಟ ಮಾಡಲಿಲ್ಲ. ಆಮ್ಯಾಲೆ ಭಾಂಡಿ ತಿಕ್ಕಲಿಕ್ಕೆ ಬರ್ತಿದ್ದಾಕಿನ್ನ ಹಿತ್ತಲದಾಗ ನಿಲ್ಲಿಸಿ, "ಒಮ್ಮೆ ನಿನ್ನ ಉಡಿ ಜಾಡಿಸವಾ" ಅಂದೆ. ಕಳ್ಳಿ ಅನ್ನಲಿಲ್ಲ, ನೆಟ್ಟಗ ಕೇಳಲೂ ಇಲ್ಲ. ಆಕಿ ಒಂದು ಮಾತೂ ಆಡದ ಉಡಿ ಬಿಚ್ಚಿದ್ಲು. ಎಲಿ, ಅಡಿಕಿ, ಎಂಟು ರೂಪಾಯಿ ಚಿಲ್ಲರ, ಮೊಮ್ಮಗಗ ನಾನ ಕೊಟ್ಟಿದ್ದ ಒಂದು ಪೇಡೆ. ಮರುದಿವಸದಿಂದ ಬರಲಿಲ್ಲ. "ನೋಡ್ರಿ, ಬರೋದ ಬಿಟ್ಲು, ಅಂದ್ರ..." ಅಂತ ನಾನ ನಿಮ್ಮ ಮುಂದ ಅಂದೀನಿ. ನೀವೂ ತಲಿ ಹಾಕೀರಿ.

ಆಷಾಢ ಏಕಾದಶಿ ದಿವಸ ಫರಾಳಕ್ಕಂತ ಸಾಬೂದಾಣಿ ಡಬ್ಬಿ ತಗದೆ. ತಳದಾಗ ಅರಿವಿ ಗಂಟು. ಬೆಂಡವಾಲಿ. ಊರಿಗೆ ಹೋಗೋ ಗಡಬಡಿಯೊಳಗ, ಕಳ್ಳರು ಇಲ್ಲೆ ನೋಡೂದಿಲ್ಲ ಅಂತ ನಾನ ಇಟ್ಟಿದ್ದೆ. ಅಫೀಮು ಯಾರೂ ಕುಡಿಸಿದ್ದಿಲ್ಲ. ಸಿಕ್ಕ ಸುದ್ದಿ ನಿಮಗೆಲ್ಲಾ ಹೇಳಿದೆ, ಎಲ್ಲಿ ಸಿಕ್ತು ಅಂತ ಹೇಳಲಿಲ್ಲ. ಇವತ್ತು ಹೇಳೀನಿ.

ಆವಾಗ ಆಕಿ ಮನಿಗೆ ಹೋಗಬೇಕು ಹೋಗಬೇಕು ಅಂತ ಅಂದು ಹೋಗಲಿಲ್ಲ. ಈ ಪುಸ್ತಕ ಮುಗದ ಮರುದಿವಸ ಹೋದೆ. ಕಟ್ಟಿ ಮ್ಯಾಲೆ ಕೂತು ಶೇಂಗಾ ಸುಲೀತಿದ್ಲು. ನಾ ಹೇಳೋದೆಲ್ಲಾ ಹೇಳಿದೆ. ಕೇಳಿ, "ಸಿಕ್ಕಾವಲ್ಲ ಬಾಯಾರ, ಛಲೋ ಆತು ಬಿಡ್ರಿ" ಅಂದ್ಲು. ಒಂದು ಬೊಗಸಿ ಶೇಂಗಾ ಕೊಟ್ಲು. ತಿರುಗಿ ಕೆಲಸಕ್ಕ ಬಾ ಅಂತ ನಾ ಕೇಳಲಿಲ್ಲ, ಬರ್ತೀನಿ ಅಂತ ಆಕಿನೂ ಅನ್ನಲಿಲ್ಲ.

ನಿಮ್ಮ ಮುಂದ ಆಕಿ ಬಗ್ಗೆ ಏನೇನು ಅಂದಿದ್ನೋ, ಅದನ್ನೆಲ್ಲಾ ಇವತ್ತು ಹಿಂದ ತಗೋತೀನಿ. ನೀವು ಅದನ್ನ ಯಾರ ಮುಂದರ ಅಂದಿದ್ರ, ಅಲ್ಲೂ ಹೇಳಿಬಿಡ್ರಿ.